ಹಾಡಿಗೆ ಕೀಲಿ ಹಾಕಿದ ಮಾವಶಿ

ನಮ್ಮ ಮಾವಶಿ ಮನೆಯ ಬಾಗಿಲಿಗೆ ಕೀಲಿ ಹಾಕುವುದಿಲ್ಲ, ಹಾಡಿಗೆ ಹಾಕುತ್ತಾಳೆ!

ಉತ್ಪ್ರೇಕ್ಷೆ ಎಂದುಕೊಂಡಿರಾ? ಅಕ್ಕಲಕೋಟಕ್ಕೆ ಹೋಗಿ ನೀವೇ ನೋಡಿ. ಬಾಗಿಲು ಹಾರು ಹೊಡೆದಿರುತ್ತದೆ, ಪರ್ಸು ಕಿಟಕಿಯ ಕಟ್ಟೆಯ ಮೇಲೆ ಬಿದ್ದಿರುತ್ತದೆ, ಹಾಲಿನ ಪಾತ್ರೆಯ ಪಕ್ಕದಲ್ಲಿ ಓಣಿಯ ಬೆಕ್ಕು ಕುಳಿತು ನಿಶ್ಚಿಂತೆಯಿಂದ ಮುಖ ತೊಳೆಯುತ್ತಿರುತ್ತದೆ. ಆದರೆ ಅವಳ ಕಂಪ್ಯೂಟರಿನಿಂದ ಒಂದೇ ಒಂದು ಸೋಬಾನದ ಪದ ಕೇಳಿ ನೋಡೋಣ! ಮೊದಲು ಪಾಸ್‌ವರ್ಡ್. ಅದಾದ ಮೇಲೆ ನೀವು ಯಾರ ಮಗಳು, ಯಾರ ಸೊಸೆ ಎಂಬ ವಿಚಾರಣೆ. ಅದಾದ ಮೇಲೆ ಚಹಾ. ಚಹಾ ಕುಡಿದು ಮುಗಿಸುವಷ್ಟರಲ್ಲಿ ನಿಮ್ಮ ಕೈಯಲ್ಲಿ ಪೆನ್‌ಡ್ರೈವ್ ಬಂದರೆ ನೀವು ಪುಣ್ಯವಂತರು.

ಮಾವಶಿ ಎಂದರೆ ತಾಯಿಯ ತಂಗಿ. ಬೇರೆ ಕಡೆ ಚಿಕ್ಕಮ್ಮ ಎನ್ನುತ್ತಾರಂತೆ, ನಮ್ಮ ಸೊಲ್ಲಾಪುರದ ಕಡೆ ಮರಾಠಿಯಿಂದ ಬಂದ ಮಾವಶಿಯೇ ಕಾಯಂ ಆಗಿ ಉಳಿದಿದ್ದಾಳೆ. ಇವಳು ಒಂದು ಕಾಲೇಜಿನ ಆಫೀಸಿನಲ್ಲಿ ಕ್ಲಾರ್ಕ್ ಆಗಿದ್ದು ರಿಟೈರ್ ಆದವಳು. ಹುಡುಗರ ಅಡ್ಮಿಶನ್ನು, ಹಾಜರಿ ಎಲ್ಲ ಕಂಪ್ಯೂಟರಿನ ಡೇಟಾಬೇಸಿನಲ್ಲಿ ತುಂಬಿ ತುಂಬಿ ಆ ವಿದ್ಯೆ ಕೈಗೆ ಹತ್ತಿತ್ತು. ರಿಟೈರ್ ಆದ ಹೆಂಗಸರು ಭಜನಾ ಮಂಡಳ ಸೇರುತ್ತಾರೆ, ಶಾವಿಗೆ ಹೊಸೆಯುತ್ತಾರೆ. ಇವಳು ಕಂಪ್ಯೂಟರಿಗೆ ಒಂದು ಕೌದಿ ಹೊಲಿದು ಹೊದಿಸಿ, ಮದುವೆಯ ಹಾಡುಗಳನ್ನೆಲ್ಲ ಅದರೊಳಗೆ ತುಂಬಲು ಕುಳಿತಳು.

ಅದಕ್ಕೆ ಕಾರಣವಿದೆ. ಒಂದು ಕಾಲದಲ್ಲಿ ನಮ್ಮ ಬಳಗದ ಯಾವ ಮದುವೆಯಲ್ಲೂ ಮಾವಶಿ ದನಿ ಎತ್ತದೆ ಅರಿಷಿಣದ ಬಟ್ಟಲು ಮೇಲೇಳುತ್ತಿರಲಿಲ್ಲ. ಅರಿಷಿಣಕ್ಕೆ ಒಂದು ಪದ, ಎಣ್ಣೆಗೆ ಒಂದು, ಉಡಿ ತುಂಬಲು ಒಂದು, ಬೀಗರನ್ನು ಬೈಯಲು ಬೇಕಾದಷ್ಟು! ಆಮೇಲೆ ಕಾಕಾ, ಅಂದರೆ ಅವಳ ಗಂಡ, ತೀರಿಹೋದರು. ಅರಿಷಿಣದ ಮುಂದೆ ಮುತ್ತೈದೆಯರೇ ಕೂಡಬೇಕು ಎಂಬುದು ನಮ್ಮವರ ಪದ್ಧತಿ. ಮುಂದಿನ ಮದುವೆಯಲ್ಲಿ ಯಾರಾದರೂ ಎದ್ದೇಳು ಎನ್ನುವ ಮೊದಲೇ ಮಾವಶಿ ತಾನೇ ಎದ್ದು ಅಡುಗೆಯ ಕಡೆ ಹೋದಳು. ಯಾರೂ ಕೂಡು ಎನ್ನಲೂ ಇಲ್ಲ. ಅವತ್ತಿನಿಂದ ಮದುವೆಗಳಲ್ಲಿ ಡಿಜೆ ಹಾಡಿತು. ತಾನಂತೂ ಹಂದರದ ಮುಂದೆ ಹೋಗುವ ಹಾಗಿಲ್ಲ, ಹಾಡಾದರೂ ಹೋಗಲಿ ಎಂಬುದೇ ಅವಳ ಇಡೀ ಕಾರಭಾರದ ಗುಟ್ಟು. ಗುಟ್ಟು ಏನು ಬಂತು, ಎಲ್ಲರಿಗೂ ಗೊತ್ತಿತ್ತು.

ಹಾಡನ್ನು ಅವಳು ಕನ್ನಡ ಅಕ್ಷರದಲ್ಲಿ ಟೈಪ್ ಮಾಡಲಿಲ್ಲ, ಮರಾಠಿ ಅಕ್ಷರದಲ್ಲಿ ಮಾಡಿದಳು. ನನ್ನ ಮಗಳಂಥವರು ಮನೆಯಲ್ಲಿ ಕನ್ನಡ ಆಡುತ್ತಾರೆ, ಸಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡದ ಅಕ್ಷರ ಕಂಡರೆ ಜಿಲೇಬಿ ಕಂಡ ಹಾಗೆ ನೋಡುತ್ತಾರೆ. ಇದನ್ನು ಕಂಡು ನಮ್ಮ ದೊಡ್ಡ ಮಾವ ಮೂಗು ಮುರಿದ.

"ಅಲ್ಲವ್ವಾ, ಕನ್ನಡಕ್ಕ ಮರಾಠಿ ಅಂಗಿ ತೊಡಸೀದಿ?"

"ಬರಿಮೈಲೆ ಅಡ್ಡಾಡೂದಕಿಂತ ಯಾರ ಅಂಗಿ ಆದ್ರೂ ಚಲೋ ಬಿಡು ಅಣ್ಣಾ," ಎಂದಳು ಮಾವಶಿ, ತಲೆ ಎತ್ತದೆ.

ತನ್ನ ನೆನಪಿನ ಹಾಡು ಮುಗಿದ ಮೇಲೆ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಎಸ್ಟಿ ಬಸ್ಸು ಹತ್ತಿದಳು. ನಂದೇಶ್ವರ, ಸಲಗರ ಬುದ್ರುಕ, ಎಲ್ಲಿ ಹಾಡುವ ಬಾಯಿ ಇದೆಯೋ ಅಲ್ಲಿಗೆ. ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. ಸಲಗರದಲ್ಲಿ ಕುರಿ ಮೇಯಿಸುವ ಮನೆತನದ ಒಬ್ಬ ಮುದುಕಿ ಬೇವಿನ ನೆರಳಿಗೆ ಕುಳಿತು ಪದದ ಮೇಲೆ ಪದ ಹಾಡಿದಳು. ಮಾವಶಿಯ ಬೆರಳು ಓಡಿತು. ಎಲ್ಲ ಆದ ಮೇಲೆ ಕಂಪ್ಯೂಟರ್ ಹಟ ಹಿಡಿಯಿತು. ಹಾಡಿದವರ ಪೂರ್ತಿ ಹೆಸರಿಲ್ಲದೆ ಹಾಡು ಒಳಗೆ ಹೋಗಬಾರದು ಎಂದು ಮಾವಶಿಯೇ ನಿಯಮ ಮಾಡಿಟ್ಟಿದ್ದಳು. ನಮ್ಮಲ್ಲಿ ಹೆಂಗಸರ ಪೂರ್ತಿ ಹೆಸರು ಎಂದರೆ ನಡುವೆ ಗಂಡನ ಹೆಸರು ಬರಬೇಕು. ಮುದುಕಿ ಗಂಡನ ಹೆಸರು ಬಾಯಿಂದ ತೆಗೆಯುವವಳೇ?

"ಹೆಸರ ಹೇಳಬೇ ಯವ್ವಾ, ಇದು ಮುಂದ ಹೋಗವಲ್ದು."

"ನೀನ ಬರಕೋ. ಊರಿಗೆಲ್ಲ ಗೊತ್ತೈತಿ."

"ನನಗ ಗೊತ್ತಿಲ್ಲಲ್ಲ!"

"ಹಂಗಾದ್ರ ಅವರನ್ನ ಕೇಳು."

ಅವರು ಕುರಿಗಳ ಹಿಂದೆ ಯಾವ ದಿಕ್ಕಿಗೆ ಹೋಗಿದ್ದರೋ! ಕಡೆಗೆ ಮುದುಕಿ ಸೆರಗು ಸರಿಮಾಡಿಕೊಂಡು, ಹೊಸ ಮದುಮಗಳ ಹಾಗೆ ನಾಚಿಕೊಂಡು, ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಹೇಳುವ ಒಡಪು ಹಾಕಿದಳು: "ಜ್ವಾಳದ ತೆನಿ ಮ್ಯಾಲ ಗಿಳಿ ಸಾಲ, ಬೀರಪ್ಪನ ಹೆಸರ ಹೇಳೇನಿ, ನಗಬ್ಯಾಡ್ರಿ ನೀವೆಲ್ಲ!" ಓಣಿಯೆಲ್ಲ ನಕ್ಕಿತು. ಮಾವಶಿ ಅಲ್ಲೇ ಕುಳಿತು ಒಡಪಿಗೆಂದೇ ಒಂದು ಬೇರೆ ಕಾಲಂ ಮಾಡಿದಳು. ಜಗತ್ತಿನ ಯಾವ ಡೇಟಾಬೇಸಿನಲ್ಲಾದರೂ ಗಂಡನ ಹೆಸರಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದುಂಟೇ?

ಹಾಡು ತುಂಬಿದ್ದಾಯಿತು. ಈಗ ಸಹಿಯ ಪ್ರಕರಣ. ಕಂಪ್ಯೂಟರಿನಲ್ಲಿ ಮಾಡಿದ ಕೆಲಸಕ್ಕೆ ಕಂಪ್ಯೂಟರಿನೊಳಗೇ ಸಹಿ ಮಾಡಬಹುದು, ಆಮೇಲೆ ಯಾರಾದರೂ ಅದನ್ನು ತಿದ್ದಿದರೆ ಆ ಸಹಿ ತಾನಾಗಿ ಬಿದ್ದುಹೋಗುತ್ತದೆ ಎಂದು ಅವಳಿಗೆ ತಿಳಿದದ್ದೇ ತಡ, ಕುಣಿದುಬಿಟ್ಟಳು. "ಬೀರಪ್ಪ ದ್ಯಾವರ ಭಂಡಾರ ಮುಟ್ಟಿ ಆಣಿ ಮಾಡಿದಂಗ ನೋಡು ಇದು! ಮುಟ್ಟಿದ ಮ್ಯಾಲ ಮಾತು ಬದಲ ಮಾಡಾಕ ಬರಂಗಿಲ್ಲ." ತಾನೇ ಒಂದು ಸರ್ಟಿಫಿಕೇಟು ತಯಾರಿಸಿ, ಕಂಪ್ಯೂಟರಿಗೆ ಭಂಡಾರ, ಅಂದರೆ ದೇವರ ಅರಿಷಿಣ, ಹಚ್ಚಿ, ಸಹಿ ಹಾಕಿ, ಮೊದಲ ಪ್ರತಿಯನ್ನು ಸೊಲ್ಲಾಪುರಕ್ಕೆ ನಮ್ಮ ಮನೆಗೇ ತಂದಳು.

ಮಗಳ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚಿದೆವು. ಪರದೆಯ ಮೇಲೆ ಒಂದು ಎಚ್ಚರಿಕೆ ಬಂತು: ಇದನ್ನು ಮಾಡಿದವರ ಗುರುತು ಸಿಗಲಿಲ್ಲ, ನಂಬಬೇಕೋ ಬೇಡವೋ ನೀವೇ ನೋಡಿಕೊಳ್ಳಿ. ಮಾವಶಿಯ ಮುಖ ನೋಡಬೇಕಿತ್ತು!

"ಗುರ್ತು ಇಲ್ಲಂತ! ನನ್ನ ಗುರ್ತು ಇಲ್ಲಂತ! ಅಕ್ಕಲಕೋಟ ಸ್ಟ್ಯಾಂಡಿನಾಗ ಇಳದು ಯಾರನ್ನಾದ್ರೂ ಕೇಳು ಅನ್ನು ಅದಕ್ಕ, ಮನಿ ಬಾಗಲತನಕ ತಂದು ಬಿಡತಾರ!"

ಮಗಳು ನಗು ತಡೆದುಕೊಂಡಳು. "ಅಜ್ಜಿ, ನಿನ್ನ ಸಹಿಗೆ ನೀನ ಸಾಕ್ಷಿ ಹಾಕೀದಿ. ನಿನ್ನ ಕಂಪ್ಯೂಟರ ನಂಬತೈತಿ, ಬ್ಯಾರೆದ್ದು ಹೆಂಗ ನಂಬಬೇಕು? ದೊಡ್ಡ ಕಂಪನಿಯವರ ಕಡಿಂದ ಸರ್ಟಿಫಿಕೇಟ ತಗೊಂಡ್ರ ಸುಮ್ಮನಾಗತೈತಿ."

"ನಮ್ಮವ್ವನ ಹಾಡಿಗೆ ಪರದೇಶದವರ ಸಾಕ್ಷಿ? ಬ್ಯಾಡಾ. ನಾನ ಮನಿ ಮನಿಗೆ ಹೋಗಿ ಗುರ್ತು ಹೇಳತೀನಿ."

ಹೇಳಿದಂತೆ ಮಾಡಿದಳು! ಪ್ರತಿ ಕೊಟ್ಟ ಮನೆಗೆಲ್ಲ ತಾನೇ ಹೋಗಿ, ಅವರ ಕಂಪ್ಯೂಟರಿನ ಮುಂದೆ ಕುಳಿತು, ತನ್ನ ಸರ್ಟಿಫಿಕೇಟನ್ನು ನಂಬಿಕಸ್ತರ ಸಾಲಿನಲ್ಲಿ ಕೂಡಿಸಿ ಬಂದಳು. ಕನ್ಯೆ ನೋಡಲು ಹೋದವರ ಹಾಗೆ ಅವಳಿಗೆ ಎಲ್ಲ ಕಡೆ ಅವಲಕ್ಕಿ, ಚಹಾ. ಶುಗರ್ ಏರಿತು. ಡಾಕ್ಟರು ಬೈದರು. "ಏನ ಮಾಡಲಿ ಡಾಕ್ಟರ, ಯಂತ್ರಕ್ಕ ನನ್ನ ಗುರ್ತಿಲ್ಲ," ಎಂದು ಅವರಿಗೂ ದೂರಿದಳು. ಅವರು ಏನು ತಿಳಿದುಕೊಂಡರೋ, ಬಿಪಿ ಯಂತ್ರ ಬದಲಿಸಿ ಇನ್ನೊಮ್ಮೆ ನೋಡಿದರು.

ಇನ್ನು ನನ್ನ ಯಜಮಾನರು. ಅವರಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಮಾವಶಿಯ ಹಾಡಿನ ಫೈಲಿಗಿದ್ದ ಅರಿಷಿಣ ಬಣ್ಣದ ಪರದೆ ಕಣ್ಣಿಗೆ ಚುಚ್ಚುತ್ತದೆ ಎಂದು ಯಾರಿಗೂ ಹೇಳದೆ ನೀಲಿ ಮಾಡಿದರು. ಸಹಿ ಬಿದ್ದುಹೋಯಿತು. ಎಚ್ಚರಿಕೆ ಮತ್ತೆ ಬರತೊಡಗಿತು. ಮಗಳು ಫೋನ್ ಮಾಡಿ ಕೇಳಿದಳು, ಅಷ್ಟೇ. ಅಕ್ಕಲಕೋಟದಿಂದ ಗುಡುಗು ಕೇಳಿಸಿತು.

"ನಾ ಸಹಿ ಮಾಡಿದ ಮ್ಯಾಲ ಕೈ ಹಚ್ಚಿದವರು ಯಾರು? ಅಳಿಯಂದ್ರಿಗೆ ಫೋನ ಕೊಡು!"

"ನಾ ಬರೇ ಬಣ್ಣ..." ಎಂದು ಯಜಮಾನರು ತೊದಲಿದರು.

"ಇವತ್ತ ಬಣ್ಣ, ನಾಳಿ ಹಾಡು! ಇವತ್ತ ನೀಲಿ ಮಾಡಿದವರು ನಾಳಿ ಸೋಬಾನಕ್ಕ ಸಿನಿಮಾದ ಧಾಟಿ ಹಾಕಂಗಿಲ್ಲಂತ ಯಾರು ಹೇಳಬೇಕು?"

ಅಂದಿನಿಂದ ಒಳಗಿನ ಸೂತ್ರವೇ ಯಾರಿಗೂ ಕಾಣದಂತೆ ಮುಚ್ಚಿದ ಪ್ರತಿಗಳನ್ನೇ ಕೊಡತೊಡಗಿದಳು. ನೋಡಬಹುದು, ಹಾಡಬಹುದು, ತಿದ್ದುವಂತಿಲ್ಲ. ಅಳಿಯನಿಗೆ ಮಾತ್ರ ದೀಪಾವಳಿಗೆ ನೀಲಿ ಅಂಗಿ ಬಟ್ಟೆ ತಂದಳು. "ನಿಮಗ ನೀಲಿ ಭಾಳ ಸೇರತೈತಲ್ಲ," ಎಂದಳು.

ಅವಳ ಈ ವ್ಯವಸ್ಥೆಯಲ್ಲಿ ಎರಡು ಫೈಲುಗಳು. ಹಾಡುಗಳೆಲ್ಲ ಇರುವುದು ಹಿಂದಿನ ಫೈಲಿನಲ್ಲಿ. ಜನ ತೆರೆಯುವುದು, ಬಣ್ಣ, ಗುಂಡಿ, ಹೂವಿನ ಚಿತ್ರ ಎಲ್ಲ ಮುಂದಿನ ಫೈಲಿನಲ್ಲಿ. ಹಾಗೆ ಬೇರೆ ಮಾಡಿಟ್ಟರೆ ಹಂಚಲು ಸುಲಭವಂತೆ. "ಹಿಂದಿಂದು ಯಾರಿಗೂ ಕಾಣಂಗಿಲ್ಲ. ಆದರ ಅದಿಲ್ಲಂದ್ರ ಮುಂದಿಂದು ಬರೇ ಹಂದರ," ಎಂದು ಒಮ್ಮೆ ಹೇಳಿ, ಶೇಂಗಾ ಸುಲಿಯತೊಡಗಿದ್ದಳು.

ನನ್ನ ಮಗಳ ಮದುವೆ ಸೊಲ್ಲಾಪುರದ ಒಂದು ಮಂಗಲ ಕಾರ್ಯಾಲಯದಲ್ಲಿ ನಿಶ್ಚಯವಾಯಿತು. ಅರಿಷಿಣಕ್ಕೆ ಡಿಜೆ ಬೇಡ, ಅಜ್ಜಿಯ ಹಾಡೇ ಬೇಕು, ದೊಡ್ಡ ಟಿವಿಯ ಮೇಲೆ ಅಕ್ಷರ ಬರಲಿ, ಎಲ್ಲರೂ ನೋಡಿಕೊಂಡು ಹಾಡೋಣ ಎಂದು ಮಗಳು ಮೊದಲೇ ಹೇಳಿಬಿಟ್ಟಿದ್ದಳು. ಮಾವಶಿಯ ಸಂಭ್ರಮ ಕೇಳಬೇಡಿ! ಅಂದು ಮುಂಜಾನೆ ಯಜಮಾನರ ದೊಡ್ಡ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು. ಒಳ್ಳೆಯ ಹೆಂಗಸು, ಆದರೆ ಎಲ್ಲ ಪದ್ಧತಿಗಳ ಪಹರೆ ತನ್ನ ಮೇಲೇ ಇದೆ ಎಂದು ತಿಳಿದವರು.

"ಅರಿಷಿಣದ ಹೊತ್ತಿನಾಗ ನಿಮ್ಮ ಮಾವಶಿ ಅಡಿಗಿ ಕಡಿ ಇದ್ರ ಚಲೋ. ನಾ ಅನ್ನಂಗಿಲ್ಲವ್ವಾ, ಮಂದಿ ಅಂತಾರ."

ಈ ಮಂದಿ ಯಾರು ಎಂದು ನಾನು ಹುಟ್ಟಿದಾಗಿನಿಂದ ಹುಡುಕುತ್ತಿದ್ದೇನೆ, ಒಬ್ಬರೂ ಕೈಗೆ ಸಿಕ್ಕಿಲ್ಲ! ನನಗೆ ಪಿತ್ತ ನೆತ್ತಿಗೇರಿತು. "ಯಾವ ಮಂದಿ ಅಕ್ಕಾರ? ಕರಕೊಂಡ ಬರ್ರಿ ಅವರನ್ನ, ನಾ ಮಾತಾಡತೀನಿ," ಎಂದೆ. ಹಿಂದೆಯೇ ನಿಂತಿದ್ದ ಮಾವಶಿ ನನ್ನ ಭುಜ ಅದುಮಿದಳು.

"ಜಗಳ ತಗೀಬ್ಯಾಡ. ನಾ ಹಿಂದಿನ ಫೈಲ ಇದ್ದಂಗ. ಹಾಡು ಮುಂದ ಇರತೈತಲ್ಲ, ಸಾಕು." ನಕ್ಕಳು. ಆ ನಗು ನನಗೆ ಸೇರಲಿಲ್ಲ. ಒಳಗೆ ಹೋಗಿ ಕೊತ್ತಂಬರಿ ಸೋಸುತ್ತ ಕುಳಿತಳು.

ಮಗಳನ್ನು ಮಣೆಯ ಮೇಲೆ ಕೂಡಿಸಿದೆವು. ಮುತ್ತೈದೆಯರು ಸುತ್ತ ಕುಳಿತರು. ಕಾರ್ಯಾಲಯದವರ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಾಕಿ ಮಗಳ ಕೈಗೆ ಕೊಟ್ಟೆವು. ಅದು ಮಾವಶಿಯನ್ನು ಎಂದೂ ಕಾಣದ ಯಂತ್ರ. ಗೋಡೆಯಗಲದ ಟಿವಿಯ ಮೇಲೆ ಅದೇ ಎಚ್ಚರಿಕೆ ಎದ್ದು ನಿಂತಿತು: ಇದನ್ನು ಮಾಡಿದವರ ಗುರುತು ಸಿಗಲಿಲ್ಲ.

ನಂಬುತ್ತೇನೆ ಎಂಬ ಗುಂಡಿ ಒತ್ತಿದರೆ ಮುಗಿಯಿತು. ಮಗಳಿಗೆ ಗೊತ್ತು. ನಮ್ಮ ಮನೆಯಲ್ಲಿ ಎಷ್ಟೋ ಸಲ ಒತ್ತಿದ್ದಾಳೆ. ಈಗ ಕೈ ಮಡಿಲಲ್ಲಿಟ್ಟುಕೊಂಡು ಕುಳಿತಳು.

"ಒತ್ತವಾ, ಅರಿಷಿಣ ಆರತೈತಿ," ಎಂದರು ದೊಡ್ಡ ಅಕ್ಕ.

"ಹೆಂಗ ಒತ್ತಲಿ ಅತ್ತಿ? ಇದನ್ನ ಮಾಡಿದಾಕಿ ಯಾರು, ಗುರ್ತು ಐತೇನು ಅಂತ ಕೇಳಾಕತ್ತೈತಿ. ಇಲ್ಲಿ ಕುಂತವರ ಪೈಕಿ ಯಾರಿಗೂ ಗುರ್ತಿದ್ದಂಗ ಕಾಣವಲ್ದು. ಇದ್ದಿದ್ರ ಒಳಗ ಬಿಟ್ಟು ಬರತಿದ್ರೇನು?"

ದೊಡ್ಡ ಅಕ್ಕ ತಾವೇ ಹಾಡಲು ಬಾಯಿ ತೆರೆದರು. ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ. ಪಕ್ಕದವಳ ಮುಖ ನೋಡಿದರು, ಅವಳು ಛಾವಣಿ ನೋಡಿದಳು. ಮತ್ತೆ ಮೊದಲ ಸಾಲನ್ನೇ ಹಾಡಿದರು. ಆಮೇಲೆ ಏನನ್ನಿಸಿತೋ, ಮೊಣಕಾಲು ಹಿಡಿದುಕೊಂಡು ಎದ್ದು ತಾವೇ ಅಡುಗೆಯ ಕಡೆ ಹೋದರು.

"ಬರ್ರಿ ಅಕ್ಕಾರ," ಎನ್ನುವುದು ಹೊರಗೆ ನಮಗೆಲ್ಲ ಕೇಳಿಸಿತು. "ನನಗ ಮುಂದಿಂದು ಬರವಲ್ದು. ತಪ್ಪಾತು, ಬರ್ರಿ."

ಮಾವಶಿ ಕೊತ್ತಂಬರಿ ಹತ್ತಿದ ಕೈಯಲ್ಲೇ ಬಂದಳು. ಟಿವಿ ನೋಡಿದಳು. "ಏ ಹುಚ್ಚಿ, ಒಂದ ಗುಂಡಿ ಒತ್ತಿದ್ರ ಆಗತಿತ್ತಲ್ಲ!" ಎಂದು ಬಗ್ಗಿದಳು. ಮಗಳು ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು.

"ಅದು ಬ್ಯಾಡ. ನೀ ಹಾಡು."

ಮಾವಶಿ ನಿಂತೇ ಇದ್ದಳು. ಆಮೇಲೆ ಹಾಡಿದಳು. ವರ್ಷಗಟ್ಟಲೆ ಟೈಪ್ ಮಾಡಿದವಳು, ಹಾಡಿರಲಿಲ್ಲ. ದನಿ ಒಡೆದಿತ್ತು, ಮೇಲಕ್ಕೆ ಏರುವಲ್ಲಿ ಏರಲಿಲ್ಲ. ದೊಡ್ಡ ಅಕ್ಕ ಕೆಳಗಿನಿಂದ ದನಿಗೂಡಿಸಿದರು. ಪದದ ನಡುವೆ ಮಗಳು ಅರಿಷಿಣದ ಬಟ್ಟಲನ್ನು ಅವಳ ಮುಂದೆ ಹಿಡಿದಳು. ಮಾವಶಿ ಹಾಡುತ್ತಲೇ ತಲೆ ಅಲ್ಲಾಡಿಸಿ ಕೈ ಹಿಂದೆ ಕಟ್ಟಿಕೊಂಡಳು. ಮಗಳು ಆ ಕೈಯನ್ನು ಬಿಡಿಸಿ, ಬಟ್ಟಲಲ್ಲಿ ಅದ್ದಿ, ತನ್ನ ಕೆನ್ನೆಗೆ ಒತ್ತಿಕೊಂಡಳು.

ಮಧ್ಯಾಹ್ನ ಪಂಕ್ತಿಯಲ್ಲಿ ಎಲ್ಲರೂ ಊಟಕ್ಕೆ ಕುಳಿತೆವು. ಹೋಳಿಗೆ, ಕಟ್ಟಿನ ಸಾರು ಎಲೆಗೆ ಬಿದ್ದವು. ಮಾವಶಿ ಅರಿಷಿಣ ಹತ್ತಿದ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದಳು. ಕೈ ತೊಳೆಯಲು ನಾನು ನೀರಿನ ತಂಬಿಗೆ ತಂದೆ.

"ನೀರು ಬ್ಯಾಡವಾ," ಎಂದಳು. "ಒಂದು ಚಮಚಾ ಕೊಡು."

ಹೋಳಿಗೆಯನ್ನು ಚಮಚದಿಂದ ತಿನ್ನುವವರನ್ನು ನೀವು ನೋಡಿದ್ದೀರಾ? ನಾನು ನೋಡಿದೆ, ಅವಳ ಪಕ್ಕದಲ್ಲೇ ಕುಳಿತು.