ತಾರೀಖು ಹಿಂದಕ್ಕೆ ತಿರುಗಿಸಿದ ಮಂಗಳವಾರ

ಸರ್ಕಾರಿ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವವನಿಗೆ ಹಾಸ್ಯ ಪ್ರಸಂಗಗಳ ಬರವಿಲ್ಲ. ನಗುವುದಕ್ಕೆ ಪುರುಸೊತ್ತಿಲ್ಲ, ಅಷ್ಟೆ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಶಿವಮೊಗ್ಗ ಮತ್ತು ಭದ್ರಾವತಿಯ ನಾಲ್ಕಾರು ಕಚೇರಿಗಳ ಗುತ್ತಿಗೆ ಹಿಡಿದಿದ್ದೇನೆ. ಕೆಳಗಿನವೆಲ್ಲ ಒಂದೇ ಕಚೇರಿಯಲ್ಲಿ, ಹೆಚ್ಚುಕಡಿಮೆ ಒಂದೇ ದಿನ ನಡೆದವು.

೧. ಬಾಲಂಗೋಚಿಗಳು

ಬೆಳಿಗ್ಗೆ ಹತ್ತೂಕಾಲಿಗೆ ಭದ್ರಾವತಿಯ ನ್ಯೂ ಟೌನ್ ಕಚೇರಿಯ ಸೂಪರಿಂಟೆಂಡೆಂಟ್ ಫೋನ್ ಮಾಡಿದರು.

"ಕಂಪ್ಯೂಟರ್‌ನಲ್ಲಿ ಕನ್ನಡ ಹೋಯ್ತು ಮಾರಾಯ್ರೆ, ಬೇಗ ಬನ್ನಿ."

ಹೋಗಿ ನೋಡಿದೆ. ಬ್ರೌಸರ್‌ಗೆ ತಗುಲಿಸಿದ ಆಡ್-ಆನ್‌ಗಳು, ಅಂದರೆ ಕನ್ನಡ ಟೈಪ್ ಮಾಡಿಸುವುದು, ಪಾಸ್‌ವರ್ಡ್ ನೆನಪಿಡುವುದು, ಜಾಹೀರಾತು ತಡೆಯುವುದು ಇಂಥ ಬಾಲಂಗೋಚಿಗಳೆಲ್ಲ ಒಟ್ಟಿಗೆ ನಿಂತುಹೋಗಿದ್ದವು. ಅವು ಅಸಲಿ ಎಂದು ಖಾತ್ರಿ ಕೊಡುವ ಭದ್ರತಾ ಸರ್ಟಿಫಿಕೇಟಿನ ಅವಧಿ ಸೋಮವಾರಕ್ಕೆ ಮುಗಿದಿತ್ತು. ನವೀಕರಿಸಬೇಕಾದ ಕಂಪನಿಯೇ ಮರೆತಿತ್ತು.

"ಅಷ್ಟು ದೊಡ್ಡ ಕಂಪನಿಯವರು ಮರೆತರಾ?"

"ಮರೆತರು ಸಾರ್."

"ಕೇಸ್ ವರ್ಕರ್ ರಜೆ ಮೇಲಿರಬೇಕು."

ಸೂಪರಿಂಟೆಂಡೆಂಟ್ ನೆಮ್ಮದಿಯಿಂದ ಕುರ್ಚಿಗೆ ಒರಗಿದರು. ಇಷ್ಟು ವರ್ಷಗಳ ಸೇವೆಯಲ್ಲಿ ಒಂದು ವಿದೇಶಿ ಕಂಪನಿ ಅವರಿಗೆ ಸ್ವಂತದ್ದು ಅನ್ನಿಸಿದ್ದು ಅದೇ ಮೊದಲು.

೨. ಮೊಹರು ಹಾಕಿದ ಕವರ್

ನೆಮ್ಮದಿ ಇಲ್ಲದಿದ್ದದ್ದು ಅಲ್ಲಿನ ಗುಮಾಸ್ತೆ ಮೇಡಂಗೆ. ಅವರ ಮನೆ ಶಿವಮೊಗ್ಗದ ಗೋಪಾಳದಲ್ಲಿ. ದಿನಾ ಎರಡೆರಡು ಬಸ್ಸು ಬದಲಿಸಿ ಬರುತ್ತಾರೆ. ನಾಲ್ಕನೇ ಕ್ಲಾಸಿನ ಮಗಳು ಸ್ಕೂಲು ಬಿಟ್ಟ ಮೇಲೆ ಏಳು ಗಂಟೆಯವರೆಗೆ ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಶಿವಮೊಗ್ಗಕ್ಕೆ ವರ್ಗಾವಣೆ ಕೇಳುವ ಅವಕಾಶ ಆರು ವರ್ಷದ ಮೇಲೆ ಬಂದಿತ್ತು. ಅಧಿಸೂಚನೆ ಸೋಮವಾರ ಹೊರಟಿತ್ತು, ಕೊನೆಯ ದಿನ ಮಂಗಳವಾರ ಸಂಜೆ ಐದೂವರೆ. ನಮ್ಮ ಇಲಾಖೆಗಳು ಅವಕಾಶ ಕೊಡುವುದು ಹೀಗೆ.

ಅರ್ಜಿ ಹೋಗಬೇಕಾದದ್ದು ಕಚೇರಿಯ ಲಾಗಿನ್ ಮೂಲಕ. ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಹೊಸದು ಬೇಕೆಂದರೆ ಬೆಂಗಳೂರಿಗೆ ಪತ್ರ ಬರೆದು ಹದಿನೈದು ದಿನ ಕಾಯಬೇಕು.

"ಗಾಬರಿಯಾಗಬೇಡಿ ಮೇಡಂ," ಎಂದರು ಸೂಪರಿಂಟೆಂಡೆಂಟ್. "ನನ್ನ ಹಿಂದೆ ಇದ್ದವರು ಬಹಳ ಶಿಸ್ತು. ಬರೆದಿಟ್ಟು ಹೋಗಿದ್ದಾರೆ."

ಬೀರುವಿನಿಂದ ಅರಗಿನ ಮೊಹರು ಹಾಕಿದ ಕವರ್ ಹೊರಬಂತು. ಒಡೆಯುವುದಕ್ಕೆ ಮುಂಚೆ ಇಬ್ಬರು ಸಾಕ್ಷಿಗಳ ಸಹಿ ಬೇಕು ಎಂದರು. ನಾನೂ ಮೇಡಮ್ಮೂ ಹಾಕಿದೆವು. ಒಳಗೆ ಒಂದು ಚೀಟಿ, ಕೆಳಗೆ ದುಂಡು ಸೀಲು. ಬರೆದದ್ದು ಒಂದೇ ಸಾಲು:

"ಪಾಸ್‌ವರ್ಡ್ ಕಂಪ್ಯೂಟರಿನಲ್ಲಿಯೇ ಇರುತ್ತದೆ."

೩. ಎಣ್ಣೆ

ಪರಿಹಾರ ಹುಡುಕಲು ಇಂಟರ್‌ನೆಟ್ ತೆರೆದೆ. ಜಾಹೀರಾತು ತಡೆಯುವ ಆಡ್-ಆನ್ ಇರಲಿಲ್ಲವಲ್ಲ, ಪರದೆ ತುಂಬ ಮೊಣಕಾಲು ನೋವಿನ ಎಣ್ಣೆ. ನಾನು ಮುಚ್ಚುತ್ತ ಹೋದೆ, ಅದು ತೆರೆಯುತ್ತ ಹೋಯಿತು.

"ಅದನ್ನ ಮುಚ್ಚಬೇಡಿ," ಎಂದು ಸೂಪರಿಂಟೆಂಡೆಂಟ್ ಕನ್ನಡಕ ಹಾಕಿಕೊಂಡು ಬಂದರು. "ಇಷ್ಟು ವರ್ಷದಲ್ಲಿ ಈ ಕಂಪ್ಯೂಟರ್ ಒಂದು ಉಪಯೋಗದ ಮಾತು ಆಡಿದ್ದು ಇವತ್ತು."

೪. ತಾಂತ್ರಿಕ

ಕೊನೆಗೆ ಉಪಾಯ ಸಿಕ್ಕಿತು. ಸರ್ಟಿಫಿಕೇಟು ಮುಗಿದಿದೆಯೋ ಇಲ್ಲವೋ ಎಂದು ಬ್ರೌಸರ್ ತಿಳಿದುಕೊಳ್ಳುವುದು ಕಂಪ್ಯೂಟರಿನ ತಾರೀಖು ನೋಡಿ. ತಾರೀಖನ್ನು ಒಂದು ದಿನ ಹಿಂದಕ್ಕೆ ತಿರುಗಿಸಿದರೆ ಎಲ್ಲ ಎದ್ದು ಕೂರುತ್ತದೆ. ಇದು ಸರಿಯಾದ ಕ್ರಮವಲ್ಲ ಎಂದು ಹಿಂಜರಿಯುತ್ತಲೇ ಹೇಳಿದೆ.

"ಹಿಂದಿನ ತಾರೀಖು ಹಾಕೋದಾ?" ಸೂಪರಿಂಟೆಂಡೆಂಟ್ ನನ್ನನ್ನು ಕನಿಕರದಿಂದ ನೋಡಿದರು. "ಇದಕ್ಕೆ ನಿಮ್ಮನ್ನ ಶಿವಮೊಗ್ಗದಿಂದ ಕರೆಸಬೇಕಿತ್ತಾ? ನಾನೇ ಹೇಳ್ತಿದ್ದೆ."

ಸೋಮವಾರಕ್ಕೆ ತಿರುಗಿಸಿದೆ. ಪಾಸ್‌ವರ್ಡ್ ಬಂತು, ಕನ್ನಡ ಬಂತು. ಮೇಡಂ ಕಣ್ಣೊರೆಸಿಕೊಂಡು ಅರ್ಜಿ ತುಂಬಿ, ಕಳಿಸುವ ಮುಂಚೆ ಕರಡು ಪ್ರತಿಗೆ ಸಹಿ ಕೇಳಿದರು. ಅರ್ಜಿಯ ತಾರೀಖನ್ನು ಕಂಪ್ಯೂಟರೇ ಹಾಕಿತ್ತು: ಸೋಮವಾರ.

"ಆಗಲ್ಲ. ಸೋಮವಾರ ನೀವು ರಜೆ."

ನಿಜ. ರಾಗಿಗುಡ್ಡದಲ್ಲಿ ತಂಗಿಯ ಗೃಹಪ್ರವೇಶಕ್ಕೆ ಹೋಗಿದ್ದರು.

"ಸಾರ್, ತಾರೀಖು ಪೆನ್ನಲ್ಲಿ ತಿದ್ದಿಬಿಡ್ತೀನಿ."

"ಪೆನ್ನಲ್ಲಿ ತಿದ್ದಿದ್ರೆ ಫೋರ್ಜರಿ ಮೇಡಂ. ಕಂಪ್ಯೂಟರ್ ತಿದ್ದಿದ್ರೆ ತಾಂತ್ರಿಕ."

೫. ಶುಕ್ರವಾರ

ದಾರಿ ಒಂದೇ ಇತ್ತು. ಸೋಮವಾರದ ರಜೆಯನ್ನು ರದ್ದು ಮಾಡುವಂತೆ ಮೇಡಂ ಪತ್ರ ಕೊಡಬೇಕು. ರದ್ದು ಮಾಡುವ ಪತ್ರ ರಜೆಗೆ ಮುಂಚೆಯೇ ಬರಬೇಕು.

"ಇನ್ನೊಂದು ದಿನ ಹಿಂದೆ ತಿರುಗಿಸ್ರೀ."

"ಭಾನುವಾರ ಸಾರ್."

"ಇನ್ನೊಂದು."

"ಎರಡನೇ ಶನಿವಾರ."

"ನೀವು ಕಂಪ್ಯೂಟರ್‌ನವರು ಎಲ್ಲದಕ್ಕೂ ಒಂದು ಕೊಕ್ಕೆ. ಶುಕ್ರವಾರಕ್ಕೆ ಹೋಗಿ."

ಹೋದೆ. ಪತ್ರ ಟೈಪಾಯಿತು, ಮುದ್ರಣವಾಯಿತು, ಬಂದ ಪತ್ರಗಳನ್ನು ನಮೂದಿಸುವ ಆವಕ ಪುಸ್ತಕದಲ್ಲಿ ಶುಕ್ರವಾರದ ಕೊನೆಯ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಜಾಗ ಸಿಕ್ಕಿತು. ಸೂಪರಿಂಟೆಂಡೆಂಟ್ "ಅನುಮತಿಸಿದೆ" ಎಂದು ಬರೆದಾಗ ಗಂಟೆ ಐದೂ ಇಪ್ಪತ್ತು. ಮೇಡಂ ಅರ್ಜಿಯನ್ನು ಮತ್ತೆ ತೆರೆದು, ಮತ್ತೆ ತುಂಬಿ, ಐದೂ ಇಪ್ಪತ್ತೊಂಬತ್ತಕ್ಕೆ ಕಳಿಸಿದರು. ಮಗಳಿಗೆ ಫೋನ್ ಮಾಡಿ, "ಇನ್ನು ಸ್ವಲ್ಪ ದಿನ ಅಷ್ಟೇ ಪುಟ್ಟಿ," ಎಂದರು.

ಐದೂಮುಕ್ಕಾಲಿಗೆ ಕಂಪನಿಯವರು ಹೊಸ ಸರ್ಟಿಫಿಕೇಟ್ ಕಳಿಸಿದರು. ಆಡ್-ಆನ್‌ಗಳೆಲ್ಲ ತಾವಾಗಿಯೇ ಸರಿಹೋದವು. ಆಗಲೇ ನೋಡಿದ್ದು: ಗಡಿಬಿಡಿಯಲ್ಲಿ ಕಂಪ್ಯೂಟರನ್ನು ಸೋಮವಾರಕ್ಕೆ ವಾಪಸ್ ತರುವುದನ್ನೇ ಮರೆತಿದ್ದೆ. ನಾನು ಬಾಯಿ ಬಿಡಲಿಲ್ಲ. ಇವರ ಅರ್ಜಿಗಳನ್ನು ಯಾರೂ ಓದುವುದಿಲ್ಲ ಎಂಬುದು ನನ್ನ ಖಚಿತ ನಂಬಿಕೆಯಾಗಿತ್ತು.

ಓದಿದ್ದರು. ಮುಂದಿನ ತಿಂಗಳು ಪ್ರಿಂಟರ್ ನೋಡಲು ಹೋದಾಗ ಮೇಡಂ ನನ್ನ ಮುಂದೆ ಪತ್ರ ಹಿಡಿದರು. ಅಧಿಸೂಚನೆ ಹೊರಡುವ ಮೂರು ದಿನ ಮುಂಚೆಯೇ ಅರ್ಜಿ ಸಲ್ಲಿಸಿರುವುದರಿಂದ ತಿರಸ್ಕರಿಸಲಾಗಿದೆ. ಜೊತೆಗೆ, ಹೊರಡದ ಅಧಿಸೂಚನೆಯ ಗೋಪ್ಯ ಮಾಹಿತಿ ತಮಗೆ ಯಾರಿಂದ ಸೋರಿಕೆಯಾಯಿತು ಎಂಬುದಕ್ಕೆ ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು.

"ತಡವಾಗಿ ಕೊಟ್ಟು ತಿರಸ್ಕಾರ ಆದವರನ್ನ ನೋಡಿದ್ದೆ," ಎಂದರು ಮೇಡಂ.

ತಪ್ಪು ನನ್ನದೆಂದು ಒಪ್ಪಿಕೊಂಡೆ. ಸೂಪರಿಂಟೆಂಡೆಂಟ್ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಅವರು ಲಕೋಟೆಯ ಮೇಲಿನ ಅಂಚೆ ಮುದ್ರೆ ನೋಡುತ್ತಿದ್ದರು. ಪತ್ರ ಹೊರಟು ಒಂಬತ್ತು ದಿನವಾಗಿತ್ತು.

"ಉತ್ತರ ಕೊಡೋ ಅವಧಿ ಮುಗಿದುಹೋಗಿದೆ," ಎಂದು ಕಂಪ್ಯೂಟರಿನ ಮುಂದಿನ ಕುರ್ಚಿಯಿಂದ ಎದ್ದು ನನಗೆ ಜಾಗ ಬಿಟ್ಟುಕೊಟ್ಟರು. "ಕೂತ್ಕೊಳ್ಳಿ. ಮೂರು ದಿನ ಸಾಕು."