ಆತ್ಯಾನ ಕಂಚಿನ ತಾಟು

ಕಲಬುರಗಿಗೆ ಮಹಾಪೂರ ಬಂದೇ ಬರುತ್ತದೆ ಎಂದು ನಂಬಿದವರು ಈ ಭೂಮಂಡಲದಲ್ಲಿ ಒಬ್ಬರೇ ಒಬ್ಬರಿದ್ದರು. ನನ್ನ ಪುಣ್ಯ ನೋಡಿ, ಮದುವೆಯಾಗಿ ನಾನು ಬಂದು ಸೇರಿದ್ದು ಅವರ ಮನೆಗೇ! ಬೇಸಿಗೆ ಬಂತೆಂದರೆ ಬಾವಿಯ ತಳಕ್ಕೆ ಕೊಡ ಬಡಿದು ಟಣ್ ಎನ್ನುವ ಊರು ನಮ್ಮದು. ಭೀಮಾ ನದಿ ನಮ್ಮ ಮನೆಗೆ ಬರಬೇಕೆಂದರೆ ಬಂಡಿ ಕಟ್ಟಿಸಿಕೊಂಡು, ದಾರಿಯಲ್ಲಿ ಎಲ್ಲಾದರೂ ವಸ್ತಿ ಮಾಡಿ ಬರಬೇಕು. ಆದರೂ ನಮ್ಮ ಪಡಸಾಲೆಯ ಗೋಡೆಯ ಮೇಲೆ ಮನೆಯ ಪ್ರತಿಯೊಬ್ಬರ ಹೆಸರಿಗೂ ಒಂದೊಂದು ಒಣಗಿದ ಸೋರೆ ಬುರುಡೆ ತೂಗುತ್ತಿತ್ತು. ನೀರು ನುಗ್ಗಿದಾಗ ಸೊಂಟಕ್ಕೆ ಕಟ್ಟಿಕೊಂಡು ತೇಲಲು!

ಈ ಏರ್ಪಾಟಿನ ಯಜಮಾನಿ ನನ್ನ ಮಾವನವರ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ತಮ್ಮನ ಹೆಂಡತಿ ತೀರಿಕೊಂಡ ಮೇಲೆ ಮನೆಯ ಬೀಗದ ಕೈ ಅವರ ಸೊಂಟಕ್ಕೆ ಬಂತು. ನಮ್ಮ ಮನೆಯಲ್ಲಿ ಕನ್ನಡ, ಮರಾಠಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಹಾಗಾಗಿ ಎಲ್ಲರೂ ಅವರನ್ನು ಮರಾಠಿಯಲ್ಲಿ ಸೋದರತ್ತೆಯನ್ನು ಕರೆಯುವ ಹಾಗೆ ‘ಆತ್ಯಾ’ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಒಮ್ಮೆ ನನ್ನ ತವರಿನಿಂದ ಚಿಕ್ಕಪ್ಪ ಬಂದರು. ಗೋಡೆಯ ಮೇಲಿನ ಬುರುಡೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗೌರವದಿಂದ ಮಾವನವರನ್ನು ಕೇಳಿದರು:

“ಬೀಗರ, ನಿಮ್ಮ ಮನ್ಯಾಗ ತಂಬೂರಿ ಮಾಡೂ ಕಸುಬು ಅದ ಅಂತ ನಮಗ ಯಾರೂ ಹೇಳಿದ್ದಿಲ್ಲಲ್ರೀ?”

ಮಾವನವರು ಕಚೇರಿಯಲ್ಲಿ ಕೆಲಸ ಮಾಡುವ ಮನುಷ್ಯ. ಸುಳ್ಳು ಹೇಳಲು ಮುಜುಗರ, ನಿಜ ಹೇಳಲು ಅದಕ್ಕಿಂತ ಮುಜುಗರ. “ಹೂಂರೀ, ಇನ್ನಾ ತಂತಿ ಹಾಕೂದದ” ಎಂದು ತಪ್ಪಿಸಿಕೊಂಡರು.

ನೀರಿನ ಭಯ ಮಾತ್ರ ಎಂದುಕೊಂಡಿರೇನು? ಬೆಂಕಿ? ಅದಕ್ಕೊಂದು ಕಂಬಳಿ ಇತ್ತು. ದಿನಾ ಸಂಜೆ ಆತ್ಯಾ ಅದನ್ನು ನೀರಲ್ಲಿ ಅದ್ದಿ, ಹಿಂಡಿ, ನಡುಮನೆಯ ಬಾಗಿಲ ಪಕ್ಕದಲ್ಲಿ ಮಡಿಚಿ ಇಡುತ್ತಿದ್ದರು. ಎಲ್ಲಾದರೂ ಕಿಡಿ ಹಾರಿದರೆ ಅದರ ಮೇಲೆ ಬೀಸಿ ಹಾಕಬೇಕು. ಒಂದು ಚಳಿಗಾಲದ ಸಂಜೆ ಮಾವನವರು ಕಚೇರಿಯಿಂದ ಗಡಗಡ ನಡುಗುತ್ತ ಬಂದರು, ಜ್ವರ. ಕಣ್ಣು ಮುಚ್ಚಿಯೇ ಕೈಗೆ ಸಿಕ್ಕ ಕಂಬಳಿಯನ್ನು ತಲೆಯಿಂದ ಕಾಲಿನವರೆಗೆ ಎಳೆದುಕೊಂಡರು. ಆಮೇಲೆ ಅವರು ಕೂಗಿದ ಕೂಗು ಗಂಜಿನ ಪೇಟೆಯವರೆಗೂ ಕೇಳಿರಬೇಕು!

“ಅಕ್ಕಾ! ನನ್ನ ಕೊಲ್ತೀಯೇನು?”

“ಬೆಂಕಿ ಹತ್ತಿಲ್ಲ, ಅದಕ್ಕ ನಿನಗ ತ್ರಾಸ ಆತು” ಎಂದರು ಆತ್ಯಾ, ತಣ್ಣಗೆ. “ಹತ್ತಿದ್ರ ನೀ ಒಬ್ಬನ ಬಚಾವ್ ಆಗ್ತಿದ್ದಿ ನೋಡು!”

ಇನ್ನು ಗಂಟುಗಳ ಕತೆ. ಹಿತ್ತಲ ಬಾಗಿಲ ಪಕ್ಕದ ಗೋಡೆಗೆ ಸಾಲಾಗಿ ಗೂಟಗಳು. ಮಾವನವರಿಗೊಂದು, ನಮ್ಮ ಮನೆಯವರಿಗೊಂದು, ಮೈದುನನಿಗೊಂದು, ನನಗೊಂದು, ಆತ್ಯಾಗೊಂದು. ಒಂದೊಂದು ಗೂಟಕ್ಕೂ ಒಂದೊಂದು ಗಂಟು. ಗಂಟಿನಲ್ಲಿ ಒಂದು ಜೊತೆ ಬಟ್ಟೆ, ಒಂದು ತಂಬಿಗೆ, ಕಡ್ಡಿಪೆಟ್ಟಿಗೆ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮತ್ತೆ ಒಣಗಿಸಿದ ಜೋಳದ ಕಟಕ್ ರೊಟ್ಟಿ. ಅಮಾವಾಸ್ಯೆ ಬಂತೆಂದರೆ ಹೊಸ ರೊಟ್ಟಿ ಗಂಟು ಸೇರುತ್ತಿದ್ದವು. ಗಂಟಿನ ಹಳೆಯ ರೊಟ್ಟಿ ನಮ್ಮ ತಾಟು ಸೇರುತ್ತಿದ್ದವು. ಅಂದರೆ ಏನಾಯಿತು? ಬರದೇ ಇರುವ ಆಪತ್ತಿಗೆ ತಾಜಾ ರೊಟ್ಟಿ, ಬಂದು ಕೂತ ನಮಗೆ ಹಳೇ ರೊಟ್ಟಿ! ಹೊಸ ರೊಟ್ಟಿ ಬೇಯುವ ವಾಸನೆ ಮಾತ್ರ ನಮ್ಮ ಪಾಲಿಗೆ. ನಮ್ಮ ಮನೆಯವರು ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು:

“ಆತ್ಯಾ, ಈ ಆಪತ್ತು ಒಮ್ಮೆ ಬಂದು ಹೋಗಬಾರದಾ? ಒಂದು ಬಿಸಿ ರೊಟ್ಟಿ ತಿಂತಿದ್ವಿ.”

ಆತ್ಯಾ ನಗಲಿಲ್ಲ. ಅವರು ಇಂಥ ಮಾತಿಗೆ ಎಂದೂ ನಕ್ಕವರಲ್ಲ.

ಗಂಟು ಕಟ್ಟಿಟ್ಟರೆ ಸಾಕೇ? ಕವಾಯತು ಬೇಡವೇ? ಯಾವ ಹೊತ್ತಿಗೆ ಎಂದು ಯಾರಿಗೂ ಗೊತ್ತಿಲ್ಲ; ಊಟದ ನಡುವೆ, ಸ್ನಾನದ ನಡುವೆ, ಒಮ್ಮೆಯಂತೂ ನನ್ನನ್ನು ನೋಡಲು ಬಂದ ಹೆಂಗಸರು ಅರಿಶಿನ ಕುಂಕುಮ ತೆಗೆದುಕೊಳ್ಳುವ ನಡುವೆ, ಆತ್ಯಾ ಕಂಚಿನ ತಾಟು ಎತ್ತಿ ಸೌಟಿನಿಂದ ಢಣಢಣ ಬಾರಿಸುತ್ತಿದ್ದರು. ಬಾರಿಸಿದ ಕೂಡಲೇ ಎಲ್ಲರೂ ತಮ್ಮ ತಮ್ಮ ಗಂಟು ತೆಗೆದುಕೊಂಡು ಹಿತ್ತಲಿನ ಬೇವಿನ ಗಿಡದ ಕೆಳಗೆ ಓಡಿ ನಿಲ್ಲಬೇಕು. ಆಮೇಲೆ ಹಾಜರಿ.

“ತಮ್ಮಾ?”

“ಬಂದೀನಿ.”

“ದೊಡ್ಡಾಂವ?”

“ಬಂದೀನ್ರೀ.”

ಹೀಗೆ ಎಲ್ಲರದೂ ಆದ ಮೇಲೆ ಆತ್ಯಾ ಹಿತ್ತಲಿನ ಮೋಟುಗೋಡೆಯ ಕಡೆ ತಿರುಗಿ ಕೂಗುತ್ತಿದ್ದರು: “ಚಾಚೀ?”

ಗೋಡೆಯಾಚೆ ಬಳೆ ಮಾರುವ ಚಾಚಿ ಒಬ್ಬರೇ ಇದ್ದರು. ಮೋಮಿನಪುರದ ಓಣಿಗಳಲ್ಲಿ ಬಳೆ ತೊಡಿಸಿ ಬಂದು ಮಧ್ಯಾಹ್ನ ಕಾಲು ಚಾಚುವ ಹೊತ್ತಿಗೆ ಈ ಢಣಢಣ! ಆದರೂ ಪಾಪ, ಆತ್ಯಾ ಕಟ್ಟಿಕೊಟ್ಟಿದ್ದ ಗಂಟನ್ನು ಎತ್ತಿ ಗೋಡೆಯ ಮೇಲೆ ತೋರಿಸುತ್ತಿದ್ದರು. “ಆಗಯೀ ಮಾ, ಆಗಯೀ! ಇವತ್ತೇನು, ಪಾನಿಯೋ ಆಗ್‌ಯೋ?” ಬಂದೆ, ಇವತ್ತು ನೀರೋ ಬೆಂಕಿಯೋ ಎಂದು ಅವರ ಪ್ರಶ್ನೆ.

ಈ ಕವಾಯತಿನಿಂದ ನಮ್ಮ ಮಾನ ಹೋದ ಒಂದು ದಿನವನ್ನು ಹೇಳಲೇಬೇಕು. ಬೆಳಿಗ್ಗೆ ತಾಟಿನ ಸದ್ದು ಕೇಳಿತು. ನಾವೆಲ್ಲ ಓಡಿದೆವು. ನಮ್ಮ ಮನೆಯವರ ಒಂದು ಕೆನ್ನೆಯ ಮೇಲೆ ಸಾಬೂನಿನ ನೊರೆ. ಮೈದುನನ ಬಾಯಲ್ಲಿ ಅರ್ಧ ಅಗಿದ ತುತ್ತು. ಮಾವನವರು ಸಂಧ್ಯಾವಂದನೆಯ ಉದ್ಧರಣೆ ಹಿಡಿದುಕೊಂಡೇ ಬಂದಿದ್ದರು. ಎಲ್ಲರೂ ಸಾಲಾಗಿ ನಿಂತೆವು. ಹಾಜರಿ ಶುರುವಾಗಲಿಲ್ಲ. ಯಾಕೆ ಎಂದು ನೋಡಿದರೆ ಸಾಲಿನ ಕೊನೆಯಲ್ಲಿ ಆತ್ಯಾ ಕೂಡ ಗಂಟು ಹಿಡಿದು ಏದುಸಿರು ಬಿಡುತ್ತ ನಿಂತಿದ್ದಾರೆ! ಹಾಗಾದರೆ ಬಾರಿಸಿದವರು ಯಾರು?

ಅಷ್ಟರಲ್ಲಿ ಹಿಂದಿನ ಓಣಿಯ ಮನೆಯವರು ಸಕ್ಕರೆ ಬಟ್ಟಲು ಹಿಡಿದು ಬಂದರು. “ನಮ್ಮ ಮಗಳಿಗೆ ಗಂಡು ಹುಟ್ಟ್ಯದ್ರೀ! ತಾಟು ಬಾರ್ಸಿದ್ದು ಕೇಳ್ತಲ್ರೀ?” ಎಂದವರು ನಮ್ಮ ಸಾಲು, ಗಂಟು, ನೊರೆ ಎಲ್ಲ ನೋಡಿ ಬೆರಗಾದರು. “ಅಯ್ಯ, ನೀವೆಲ್ಲಾರೂ ಎಲ್ಲಿ ಹೊಂಟೀರಿ?”

“ಕೂಸು ನೋಡಾಕ ಹೊಂಟೀವಿ” ಎಂದರು ಮಾವನವರು, ಉದ್ಧರಣೆಯನ್ನು ಬೆನ್ನ ಹಿಂದೆ ಅಡಗಿಸುತ್ತ.

ಅಂದು ಮಧ್ಯಾಹ್ನ ನಾನು ನಗು ತಡೆಯಲಾರದೆ ಆತ್ಯಾನನ್ನು ಕೇಳಿದೆ. “ಆತ್ಯಾ, ಹೆಣ್ಣು ಹುಟ್ಟಿದ್ರ ತಾಟು ಬಾರ್ಸೂದಿಲ್ಲೇನ್ರೀ?”

“ಇಲ್ಲ. ಹೆಣ್ಣಿಗೆ ಪದ್ಧತಿ ಇಲ್ಲ” ಎಂದರು. ಎದ್ದು ಹೋಗಿ ತಮ್ಮ ತಾಟನ್ನು ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದರು. ಅದು ಮೊದಲೇ ಫಳಫಳ ಹೊಳೆಯುತ್ತಿತ್ತು.

ನಾನು ಬಸುರಿಯಾಗುವ ಹೊತ್ತಿಗೆ ದೇಶಕ್ಕೆ ಸ್ವಾತಂತ್ರ್ಯ ಬಂದು ತಿಂಗಳುಗಳಾಗಿದ್ದರೂ, ನಮ್ಮ ಹೈದರಾಬಾದ್ ಸಂಸ್ಥಾನಕ್ಕೆ ಮಾತ್ರ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬ ಗೊಂದಲ ಮುಗಿಯದೆ ಮುಂದುವರಿದಿತ್ತು. ದಿನಕ್ಕೊಂದು ಸುದ್ದಿ. ಅಲ್ಲಿ ಮನೆ ಸುಟ್ಟರಂತೆ, ಇಲ್ಲಿ ಊರಿಗೆ ಊರೇ ಬಿಟ್ಟು ಹೋದರಂತೆ. ಗಂಜಿನಲ್ಲಿ ಅಂಗಡಿ ಬಾಗಿಲು ಅರ್ಧ ತೆರೆದು ಅರ್ಧ ಮುಚ್ಚಿರುತ್ತಿತ್ತು. ನಮ್ಮ ಮನೆಯಲ್ಲಿ ಯಾರೂ ಬುರುಡೆಗಳನ್ನು ನೋಡಿ ನಗುತ್ತಿರಲಿಲ್ಲ. ನಾನಂತೂ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಒಳಗೂ ಹೊರಗೂ ಅಲೆಯುತ್ತಿದ್ದೆ. ನನ್ನ ಹಿಂದೆಯೇ ಆತ್ಯಾ. ನಾನು ನೀರಿಗೆ ಹೋದರೆ ನೀರಿಗೆ, ಕಟ್ಟೆಗೆ ಹೋದರೆ ಕಟ್ಟೆಗೆ! ಈಗ ಅವರ ಚಿಂತೆ ಒಂದೇ ಆಗಿತ್ತು: ಹಾಜರಿಯಲ್ಲಿ ಒಂದು ಹೆಸರೂ ತಪ್ಪಬಾರದು, ಬರಲಿರುವ ಹೆಸರೂ ಸೇರಿ.

ಭಾರತದ ಸೈನ್ಯ ಬರುತ್ತದೆ ಎಂಬ ಸುದ್ದಿ ಬಲವಾದಾಗ ಮಾವನವರು ಕಮಲಾಪುರದ ದಾಯಾದಿಗಳ ಮನೆಗೆ ಹೋಗುವುದೆಂದು ನಿರ್ಧರಿಸಿದರು. ಓಣಿಯಲ್ಲಿ ಎಲ್ಲರ ಮನೆಯಲ್ಲೂ ಗೋಳು, ಓಡಾಟ. ಬೀಗ ಸಿಕ್ಕರೆ ಬೀಗದ ಕೈ ಇಲ್ಲ, ಹಾಸಿಗೆ ಕಟ್ಟಿದರೆ ಹಗ್ಗವಿಲ್ಲ. ನಮ್ಮ ಮನೆಯಲ್ಲಿ? ಆತ್ಯಾ ಅಂದು ತಾಟನ್ನು ಬಾರಿಸಲೇ ಇಲ್ಲ; ಸದ್ದಾಗದ ಹಾಗೆ ಕೌದಿಯಲ್ಲಿ ಸುತ್ತಿದರು. “ನಡೀರಿ” ಎಂದರು. ನಾವು ಗೂಟದಿಂದ ಗಂಟು ತೆಗೆದುಕೊಂಡು ಬೇವಿನ ಗಿಡದ ಕೆಳಗೆ ನಿಂತೆವು, ಅಷ್ಟೇ. ಹಾಜರಿಯೂ ಪಿಸುಮಾತಿನಲ್ಲಿ.

“ಚಾಚೀ?”

ಗೋಡೆಯಾಚೆಯಿಂದ ಚಾಚಿಯ ಮುಖ ಕಂಡಿತು. ಕೈಯಲ್ಲಿ ಗಂಟು ಇರಲಿಲ್ಲ.

“ಬಂಡ್ಯಾಗ ಜಾಗಾ ಅದ. ಬಾ” ಎಂದರು ಆತ್ಯಾ.

“ನನ್ನ ಭಾಯಿ ಕರ್ಕೊಂಡು ಹೋಗಾಕ ಬರ್ತೀನಿ ಅಂದಾನ ಮಾ. ನೀವು ಹೋಗ್ರಿ. ಬಹೂನ್ನ ಸಂಭಾಳ್ಸ್ರಿ.” ಬಹೂ, ಅಂದರೆ ಸೊಸೆಯಾದ ನನ್ನನ್ನು ನೋಡಿ ಕಣ್ಣೊರೆಸಿಕೊಂಡರು.

ಬಂಡಿ ಹೊರಟಿತು. ದಾರಿಯುದ್ದಕ್ಕೂ ಆತ್ಯಾ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದರು. ಅವರ ತೊಡೆಯ ಮೇಲೆ ತಮ್ಮ ಗಂಟಿನ ಜೊತೆ ಇನ್ನೊಂದು ಪುಟ್ಟ ಗಂಟು ಇದ್ದುದನ್ನು ನಾನು ಆಗ ನೋಡಿದೆ. ಕೇಳುವಷ್ಟು ತ್ರಾಣ ನನಗಿರಲಿಲ್ಲ.

ಕಮಲಾಪುರದ ಆ ಮನೆಯ ಹಿಂದೆ ಕೆಂಪು ಬಾಳೆಯ ತೋಟ. ಗಾಳಿಗೆ ಎಲೆ ಅಲುಗಿದರೂ ಯಾರೋ ಬಂದರೇನೋ ಎಂದು ಎಲ್ಲರೂ ಬೆಚ್ಚುವ ದಿನಗಳು. ಜೋರಾಗಿ ಮಾತಾಡಬೇಡಿ, ಹೊರಗೆ ದೀಪ ತೋರಿಸಬೇಡಿ ಎಂದು ಹಿರಿಯರ ಕಟ್ಟಪ್ಪಣೆ. ಅಂಥದ್ದರಲ್ಲಿ ಒಂದು ಮಧ್ಯಾಹ್ನ ನನ್ನ ಮಗಳು ಹುಟ್ಟಿದಳು. ಅಪ್ಪಣೆ ಗಿಪ್ಪಣೆ ಅವಳಿಗೆ ಯಾರು ಹೇಳಿದ್ದರು? ಮನೆ ಹಾರಿಹೋಗುವ ಹಾಗೆ ಅತ್ತಳು!

ಆತ್ಯಾ ಪುಟ್ಟ ಗಂಟನ್ನು ಬಿಚ್ಚಿದರು. ಒಳಗೆ ಹಳೆಯ ಸೀರೆಯಿಂದ ಹೊಲಿದ ಮೆತ್ತನೆಯ ಕುಂಚಿಗೆ, ಬಜೆ, ಒಂದು ಸಣ್ಣ ಕೌದಿ. ಮಗುವನ್ನು ಸುತ್ತಿ ನನ್ನ ಪಕ್ಕದಲ್ಲಿ ಮಲಗಿಸಿದರು. ಆಮೇಲೆ ಕಂಚಿನ ತಾಟನ್ನು ತೆಗೆದರು. ಬಾರಿಸುವ ಹಾಗಿರಲಿಲ್ಲ. ತೋರುಬೆರಳಿನ ತುದಿಯಿಂದ ಒಮ್ಮೆ ಮುಟ್ಟಿದರು. ನನಗೆ ಕೂಡ ಕೇಳಿಸಲಿಲ್ಲ.

“ಹೆಣ್ಣಿಗೆ ಪದ್ಧತಿ ಇಲ್ಲ ಅಂದಿದ್ರಿ” ಎಂದೆ.

“ನನಗೂ ಒಬ್ಬಾಕಿ ಇದ್ಲು” ಎಂದರು ಆತ್ಯಾ. “ಆಕಿಗಿ ಯಾರೂ ತಾಟು ಬಾರ್ಸಲಿಲ್ಲ. ಪ್ಲೇಗ್ ಬಂದಾಗ ಉಟ್ಟ ಅರಿವಿ ಮ್ಯಾಲ ಊರ ಬಿಟ್ಟು ಓಡಿದ್ವಿ. ಮಳಿ. ಕೂಸಿಗೆ ಹೊದಿಸಾಕ ಕೈಯಾಗ ಒಂದು ಒಣಾ ಅರಿವಿ ಇರಲಿಲ್ಲ. ಹೊಲದಾಗ ಹೋದ್ಲು.”

ನಾನು ಅವರ ಕೈ ಹಿಡಿದುಕೊಂಡು ಅತ್ತೆ. ತಾಜಾ ರೊಟ್ಟಿಗೆ ನಕ್ಕವರು, ಬುರುಡೆಗೆ ನಕ್ಕವರು, ಎಲ್ಲರೂ ಆ ದಿನ ಬಾಗಿಲ ಹೊರಗೆ ಕೇಳಿಸಿಕೊಳ್ಳುತ್ತ ನಿಂತಿದ್ದರು.

ಸೈನ್ಯ ಬಂದು, ಹೈದರಾಬಾದ್ ದೇಶಕ್ಕೆ ಸೇರಿ, ಗಲಾಟೆ ಅಡಗಿ, ದಾರಿಯಲ್ಲಿ ಬಂಡಿಗಳು ಮತ್ತೆ ಓಡಾಡತೊಡಗಿದ ಮೇಲೆ ಕಲಬುರಗಿಗೆ ಬಂದೆವು. ಬಂಡಿಯಲ್ಲಿ ಕಮಲಾಪುರದ ಒಂದು ಗೊನೆ ಕೆಂಪು ಬಾಳೆಹಣ್ಣು, ಚಾಚಿಗೆಂದು. ಆದರೆ ಚಾಚಿಯ ಮನೆಯ ಬಾಗಿಲು ಮುಚ್ಚಿತ್ತು. ಕಿಟಕಿಯೂ ಮುಚ್ಚಿತ್ತು. ಮಾವನವರು ಬಾಗಿಲು ತಟ್ಟಿ ಬಂದರು, ಉತ್ತರವಿಲ್ಲ. ಓಣಿಯಲ್ಲಿ ಕೇಳಿದರೆ ಒಬ್ಬರದು ಒಂದು ಮಾತು, ಇನ್ನೊಬ್ಬರದು ಇನ್ನೊಂದು. ಈ ಸಲ ಆಪತ್ತು ಗೋಡೆಯ ಆ ಕಡೆಯವರದಾಗಿತ್ತು, ಚಾಚಿಯಂಥ ಮುಸಲ್ಮಾನರದಾಗಿತ್ತು ಎಂಬುದು ನಮಗೆಲ್ಲ ಗೊತ್ತಿತ್ತು. ನಾವು ಗಂಟುಗಳನ್ನು ಗೂಟಕ್ಕೆ ಹಾಕಿ, ಏನು ಮಾಡಬೇಕೆಂದು ತಿಳಿಯದೆ ಕೂತೆವು.

ಆತ್ಯಾ ಕೂರಲಿಲ್ಲ. ಕೌದಿ ಬಿಚ್ಚಿ ತಾಟು ತೆಗೆದರು, ಸೌಟು ತೆಗೆದರು, ಹಿತ್ತಲಿಗೆ ನಡೆದರು. ಎಲ್ಲ ವರ್ಷಗಳ ಬಾಕಿಯನ್ನೂ ಸೇರಿಸಿ ಬಾರಿಸಿದರು! ಬೇವಿನ ಗಿಡದ ಹಕ್ಕಿಗಳೆಲ್ಲ ಎದ್ದವು. ನಮ್ಮ ಕಾಲು ಕೇಳಬೇಕಲ್ಲ? ಮಾವನವರು ಓಡಿದರು, ನಮ್ಮ ಮನೆಯವರು ಓಡಿದರು, ಮೈದುನ ಓಡಿದ. ಮಗುವನ್ನು ಎದೆಗವಚಿಕೊಂಡು ನಾನೂ ಗಂಟು ಹಿಡಿದು ಓಡಿದೆ. ಹಿಂದಿನ ಓಣಿಯವರು ತಮ್ಮ ಕಡೆಯ ಗೋಡೆಯ ಮೇಲೆ ಇಣುಕಿ, “ಗಂಡೇನ್ರೀ?” ಎಂದು ಕೂಗಿದರು.

“ಹೆಣ್ಣು!” ಎಂದು ಕೂಗಿದರು ಆತ್ಯಾ, ಬಾರಿಸುವುದನ್ನು ನಿಲ್ಲಿಸದೆ. “ಹೆಣ್ಣು ಹುಟ್ಯದ!”

ಆಮೇಲೆ ಹಾಜರಿ ಹಿಡಿದರು. ತಮ್ಮ ಆಯಿತು, ದೊಡ್ಡವನಾಯಿತು, ಸಣ್ಣವನಾಯಿತು, ನನ್ನದಾಯಿತು. ಆತ್ಯಾ ಮೋಟುಗೋಡೆಯ ಕಡೆ ತಿರುಗಿದರು.

“ಚಾಚೀ?”

ಗೋಡೆಯಾಚೆ ಏನೂ ಇಲ್ಲ.

“ಚಾಚೀ!”

ಒಳಗೆಲ್ಲೋ ಅಗಳಿ ತೆಗೆದ ಸದ್ದು. ಆಮೇಲೆ ಬಳೆಗಳ ಸದ್ದು. ಗೋಡೆಯ ಮೇಲೆ ಮೊದಲು ಕಂಡದ್ದು ಗಂಟು, ಆಮೇಲೆ ಅದನ್ನು ಎತ್ತಿ ಹಿಡಿದ ಕೈ.

“ಆಗಯೀ ಮಾ… ಆಗಯೀ. ಭಾಯಿ ಬರಲೇ ಇಲ್ಲ. ತಾಟು ಕೇಳೂತನ ಬಾಗ್ಲಾ ತೆಗೀಲಿಕ್ಕ ಧೈರ್ಯ ಆಗ್ಲಿಲ್ಲ.”

ಆತ್ಯಾ ಸೌಟನ್ನು ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಮಗಳ ಮುಖದ ಹತ್ತಿರ ಬಗ್ಗಿದರು.

“ಮತ್ತ ನಮ್ಮ ಹೊಸಾಕಿ?”

ಗೋಡೆಯ ಈ ಕಡೆಯವರೂ ಆ ಕಡೆಯವರೂ ಒಟ್ಟಿಗೆ ಹೇಳಿದೆವು: “ಬಂದಾಳ.”