ಚೆಂಡುಹೂವಿನ ಹೊಲದಲ್ಲಿ ನನ್ನ ಮ್ಯಾನೇಜರ್‌ಗಿರಿ

ಸಿನಿಮಾ ತೆಗೆಯುವುದೆಂದರೆ ಏನು ಮಹಾ? ಆಳು ಬೇಕು, ಲಾರಿ ಬೇಕು, ಹೊತ್ತಿಗೆ ಸರಿಯಾಗಿ ತಿಂಡಿ ಬೇಕು, ಗಟ್ಟಿಯಾಗಿ ಕೂಗಲು ಒಬ್ಬ ಮನುಷ್ಯ ಬೇಕು. ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿ ನಡೆಸುವ ನನ್ನ ಬಳಿ ಇಷ್ಟೂ ಇತ್ತು! ಹಾಗಾಗಿ ಬೆಂಗಳೂರಿನ ಸಿನಿಮಾ ಕಂಪನಿಯವರು ಊಟಿ ರಸ್ತೆಯ ಚೆಂಡುಹೂವಿನ ಹೊಲದಲ್ಲಿ ಒಂದು ಹಾಡು ತೆಗೆಯಲು ಬಂದಾಗ, 'ಲೋಕಲ್ ಮ್ಯಾನೇಜರ್' ಎಂಬ ಗುರುತರ ಹುದ್ದೆಯನ್ನು ನಾನು ಅತ್ಯಂತ ವಿನಯದಿಂದ ಕಿತ್ತುಕೊಂಡೆ.

ಅವರ ಪ್ರೊಡಕ್ಷನ್ ಮ್ಯಾನೇಜರ್ ಪ್ರಭಾಕರ್ ಎಂಬಾತ. ಎರಡು ಕಿವಿಗೆ ಎರಡು ಫೋನು, ಮುಖದಲ್ಲಿ ಹತ್ತು ವರ್ಷದ ನಿದ್ದೆ ಬಾಕಿ.

"ನೋಡಿ ಮಾದಪ್ಪನೋರೇ, ದುಡ್ಡು ಹಾಕೋನು ಪ್ರೊಡ್ಯೂಸರ್, ಕರಗಿಸೋನು ಡೈರೆಕ್ಟರ್, ಇಬ್ಬರ ಹತ್ರಾನೂ ಬೈಸ್ಕೊಳ್ಳೋನು ಮ್ಯಾನೇಜರ್. ಹೀರೋಯಿನ್ ಡೇಟ್ ಸಿಕ್ಕಿರೋದು ಒಂದೇ ಬೆಳಿಗ್ಗೆ. ಅದನ್ನ ಸರಿಯಾಗಿ ನಡೆಸಿಕೊಡಿ, ನಿಮ್ಮ ಹೆಸರು ಪರದೆ ಮೇಲೆ ಹಾಕಿಸೋದು ನನ್ನ ಜವಾಬ್ದಾರಿ" ಎಂದ.

ಪರದೆಯ ಮೇಲೆ ನನ್ನ ಹೆಸರು! ಅಂದಿನಿಂದ ನಾನು ನೆಲದ ಮೇಲೆ ನಡೆದದ್ದು ನೆನಪಿಲ್ಲ. ಮಂಡಿಯಲ್ಲಿ ಕೂತರೆ ಮೂಟೆಗಳ ಮೇಲೆ ಹೆಸರು. ಊಟಕ್ಕೆ ಕೂತರೆ ಸಾರಿನ ಹಬೆಯಲ್ಲಿ ಹೆಸರು. ಕತ್ತಲ ಥಿಯೇಟರು, ಮೆಲ್ಲಗೆ ಕೊಳಲು, ಕೆಳಗಿನಿಂದ ಹೊಳೆಯುತ್ತ ಏಳುವ ಅಕ್ಷರಗಳು... ಆಹಾ!

"ರೀ, ಎತ್ಲಾಗ್ ನೋಡ್ತಾ ಕುಂತಿದ್ದರಿ? ಮುದ್ದೆ ಆರೋಗ್ತಾ ಅದೆ" ಎಂದು ಹೆಂಡತಿ ಸುಂದ್ರಮ್ಮ ತಟ್ಟಿ ಎಬ್ಬಿಸಬೇಕಾಗುತ್ತಿತ್ತು.

ಹೊಲ ನನ್ನ ಭಾವಮೈದನದು. ಅಕ್ಕ ಸುಂದ್ರಮ್ಮನ ಮಾತಿಗೆ ಕಟ್ಟುಬಿದ್ದು, ಬಣ್ಣ ತೆಗೆಯುವ ಫ್ಯಾಕ್ಟರಿಗೆ ಹೋಗಬೇಕಿದ್ದ ಹೂವನ್ನು ಕೀಳದೆ ಬಿಟ್ಟಿದ್ದ. ಹೊಲವೆಲ್ಲ ಅರಿಶಿನ ಚೆಲ್ಲಿದ ಹಾಗಿತ್ತು. ಇನ್ನು ನಾಯಕಿಯ ಹಿಂದೆ ನಿಲ್ಲಲು ಹೆಂಗಸರು ಬೇಕು. "ಬೆಂಗಳೂರಿಂದ ಜೂನಿಯರ್ ಆರ್ಟಿಸ್ಟ್ ಕರೆಸಬೇಕು. ಬಸ್ಸು, ರೂಮು, ಊಟ..." ಎಂದು ಪ್ರಭಾಕರ್ ತಲೆ ಹಿಡಿದುಕೊಂಡ.

"ಯಾಕೆ ಸಾರ್ ದಂಡ? ನಮ್ಮೂರಲ್ಲಿ ಇಲ್ವಾ ಹೆಂಗಸರು?" ಎಂದೆ. ಉಳಿತಾಯವೇ ಆಡಳಿತದ ಜೀವಾಳವಲ್ಲವೇ?

ಕೂಲಿ ಹೆಂಗಸರ ಗುಂಪಿಗೆ ಮೇಸ್ತ್ರಿಯಾದ ಚಿಕ್ಕತಾಯಮ್ಮನಿಗೆ ಫೋನು ಮಾಡಿದೆ. ಸಿನಿಮಾ ಎಂದರೆ ಊರಿಗೆ ಊರೇ ನುಗ್ಗೀತೆಂದು ಆ ಪದವನ್ನೇ ಎತ್ತಲಿಲ್ಲ. ಎಂಥ ಮುಂದಾಲೋಚನೆ!

"ಚಿಕ್ಕತಾಯಮ್ಮ, ನಾಳೆ ಹೊತ್ತಾರೆಗೇ ನಿನ್ ಗುಂಪು ಕಟ್ಕಂಡು ನನ್ ಭಾವಮೈದನ ಹೂವಿನ ಹೊಲಕ್ಕೆ ಬಂದ್ಬುಡು. ಕೂಲಿ ನಾನೇ ಕೊಡ್ತೀನಿ."

"ಆಗ್ಲಿ ಬುಡಣ್ಣ" ಎಂದಳು. ಇಷ್ಟು ಸುಲಭದ ಕೆಲಸಕ್ಕೆ ಬೆಂಗಳೂರಿನವರು ಯಾಕೆ ನಿದ್ದೆಗೆಡುತ್ತಾರೋ ಎನಿಸಿತು.

ಮರುದಿನ ಬೆಳಿಗ್ಗೆ ನಾವು ಹೋದಾಗ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿದ ಮಂಜು ಹೊಲವನ್ನೆಲ್ಲ ನುಂಗಿತ್ತು. ಸ್ವರ್ಗವೇ ಹಾಲು ಕಾಸುತ್ತಿದೆಯೋ ಎಂಬಂತೆ! ಕ್ಯಾಮೆರಾ ಸಜ್ಜಾಗಿ ಕಾದು ನಿಂತಿತು. ಪ್ರೊಡ್ಯೂಸರು ಕಾರಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ಸುಂದ್ರಮ್ಮ ಎಲ್ಲರಿಗೂ ಬಿಸಿ ಇಡ್ಲಿ ಬಡಿಸಿದಳು. ಮಂಜಿನೊಳಗಿಂದ ಹೆಂಗಸರ ಮಾತು, ನಗು, ಸಣ್ಣಗೆ ಸೋಬಾನೆ ಪದ ಕೇಳುತ್ತಿತ್ತು. ಎಷ್ಟೊಂದು ಶಿಸ್ತು! ನಾನು ಬರುವ ಮೊದಲೇ ಬಂದು ನಿಂತಿದ್ದಾರೆ!

ಡೈರೆಕ್ಟರನ ಹೆಗಲ ಮೇಲೆ ಕೈಯಿಟ್ಟು, "ಸಾರ್, ಮಂಜು ಸರಿಯಲಿ. ಕಣ್ಣು ಕುಕ್ಕುವ ಹಳದಿ! ಕೇರಳದವರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳೋ ಹೊಲ ಇದು" ಎಂದೆ. ಆತನೂ ಕಣ್ಣು ಮುಚ್ಚಿ ಕನಸು ಕಂಡ. ನಾನೂ ಕಂಡೆ.

ಮಂಜು ಸರಿಯಿತು.

ಹೊಲ ಹಸಿರಾಗಿತ್ತು!

ಒಂದೇ ಒಂದು ಹೂವಿಲ್ಲ. ಬದುವಿನ ಮೇಲೆ ಬಾಯಿ ಕಟ್ಟಿದ ಮೂಟೆಗಳ ಸಾಲು. ಅವುಗಳ ಪಕ್ಕ ಚಿಕ್ಕತಾಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, "ಮುಗೀತು ಕಣಣ್ಣೋ! ಒಂದ್ ಮೊಗ್ಗೂ ಬುಟ್ಟಿಲ್ಲ" ಎಂದಳು.

"ಕೀಳು ಅಂತ ಯಾರಮ್ಮ ಹೇಳಿದ್ರು?"

"ಹೊತ್ತಾರೆ ಬಾ, ಕೂಲಿ ಕೊಡ್ತೀನಿ ಅಂದ್ರಿ. ಹೂವಿನ ಹೊಲಕ್ ಬಂದು ಹೂ ಕೀಳ್ದೆ, ಸುಮ್ನೆ ನೋಡ್ಕಂಡು ನಿಂತ್ಕಳಕೆ ಯಾರಾರಾ ಕೂಲಿ ಕೊಟ್ಟರಾ?"

ಕೊಡುವವರಿದ್ದಾರೆ ತಾಯಿ, ಅದಕ್ಕೇ ಸಿನಿಮಾ ಅನ್ನುವುದು ಎನ್ನಬೇಕೆನಿಸಿತು. ಪರದೆಯ ಮೇಲಿನ ಹೆಸರು ಹೋಯಿತು! ಪ್ರೊಡ್ಯೂಸರು ಕಾರಿನ ಗಾಜು ಏರಿಸಿಕೊಂಡರು. ಪ್ರಭಾಕರ್ ಎರಡೂ ಫೋನು ಕೆಳಗಿಟ್ಟು ನನ್ನನ್ನು ಬೈಯತೊಡಗಿದ. ಬೈಸಿಕೊಳ್ಳುವ ಕೆಲಸವೊಂದನ್ನು ಮಾತ್ರ ನಾನು ಅಚ್ಚುಕಟ್ಟಾಗಿ ನಿರ್ವಹಿಸಿದೆ.

ಆದರೂ ಧೃತಿಗೆಡಲಿಲ್ಲ. ಮೂಟೆ ಹೊಲಿಯುವ ದಾರ ತರಿಸಿ, ಕಿತ್ತ ಹೂಗಳನ್ನು ಗಿಡಕ್ಕೆ ಮತ್ತೆ ಕಟ್ಟಲು ಶುರುಮಾಡಿದೆ! ಹೆಂಗಸರು ನಗುತ್ತಲೇ ಕೈಜೋಡಿಸಿದರು. ಅತ್ತ ನಾಯಕಿಯ ಸೆರಗು ತಾಗಿದರೆ ಸಾಕು, ಕಟ್ಟಿದ್ದೆಲ್ಲ ಪಟಪಟನೆ ಉದುರುತ್ತಿತ್ತು.

"ಬುಟ್ಬುಡಿ ಕಣ್ರೀ, ನಿಮ್ ದಮ್ಮಯ್ಯ! ಎಲ್ರೂ ನೋಡ್ತಾವ್ರೆ" ಎಂದಳು ಸುಂದ್ರಮ್ಮ.

ಹೇಗೆ ಬಿಡಲಿ? ಪಂಚೆ ಎತ್ತಿ ಕಟ್ಟಿ, ಬಗ್ಗಿ, ಒಂದೊಂದೇ ಹೂವು ಕಟ್ಟುತ್ತ ಹೋದೆ. ಅಷ್ಟರಲ್ಲಿ ಬೆಟ್ಟದಿಂದ ಮತ್ತೆ ಮಂಜು ಇಳಿದು ಸುತ್ತಲೂ ಬೆಳ್ಳಗಾಯಿತು. ಆ ಬಿಳುಪಿನಲ್ಲಿ ನಾನು, ಹೂವು, ದಾರ ಮಾತ್ರ. ಎಲ್ಲಿಂದಲೋ ಹಾಡು ಕೇಳುತ್ತಿತ್ತು. ಎಷ್ಟು ಹೊತ್ತು ಹಾಗೇ ಇದ್ದೆನೋ! ತಲೆಯೆತ್ತುವಷ್ಟರಲ್ಲಿ ಕಂಪನಿಯವರು ಗಂಟುಮೂಟೆ ಕಟ್ಟಿ ಹೊರಟಾಗಿತ್ತು.

ಮುಂದಿನ ವರ್ಷ ಚಿತ್ರ ಚಾಮರಾಜನಗರದ ಥಿಯೇಟರಿಗೆ ಬಂತು. ಬೇಡವೆಂದರೂ ಕೇಳದೆ ಸುಂದ್ರಮ್ಮ ಎಳೆದುಕೊಂಡು ಹೋದಳು. ಹಾಡು ಬಂತು. ಆವತ್ತು ಮತ್ತೆ ಇಳಿದ ಮಂಜಿನಲ್ಲೇ ತೆಗೆದುಬಿಟ್ಟಿದ್ದರು; ಅದರಲ್ಲಿ ನಾಯಕಿ ತೇಲಿ ಬಂದಳು. ಹೂವಿಲ್ಲದಿದ್ದರೂ ಎಷ್ಟು ಚೆಂದ! ನಾನೇ ಮೈಮರೆತೆ. ಅಷ್ಟರಲ್ಲಿ ಥಿಯೇಟರಿಗೆ ಥಿಯೇಟರೇ ಘೊಳ್ಳೆಂದಿತು. ನಾಯಕಿಯ ಹಿಂದೆ, ಪಂಚೆ ಎತ್ತಿ ಕಟ್ಟಿದ ಒಬ್ಬ ಮನುಷ್ಯ ಪ್ರೇಕ್ಷಕರಿಗೆ ಬೆನ್ನು ತೋರಿಸಿ ಬಗ್ಗಿ, ಹಸಿರು ಗಿಡಕ್ಕೆ ಹೂವು ಕಟ್ಟುತ್ತಿದ್ದಾನೆ. ಒಂದು ಬಿದ್ದರೆ ಇನ್ನೊಂದು. ಪಾಪ, ಯಾರೋ ಹುಚ್ಚ!

"ಅಯ್ಯೋ, ನಮ್ಮನೆಯವ್ರು ಕಣ್ರೋ! ನಮ್ಮನೆಯವ್ರು!" ಎಂದು ಸುಂದ್ರಮ್ಮ ಎದ್ದು ನಿಂತು ಕೂಗಿದಳು. ಅವಳ ಮುಖದಲ್ಲಿ ಮದುವೆಯ ದಿನವೂ ಕಾಣದಿದ್ದ ಹೆಮ್ಮೆ!

ಕೊನೆಯ ಅಕ್ಷರ ಹೋಗುವವರೆಗೂ ಅವಳು ಕದಲಲಿಲ್ಲ. ಲೈಟ್ ಹಾಕಿದವರ ಹೆಸರು ಬಂತು, ಅಡುಗೆಯವರದು ಬಂತು. ನನ್ನದು ಬರಲಿಲ್ಲ.

"ಎಸ್ರೇ ಆಕ್ನಿಲ್ವಲ್ರೀ" ಎಂದಳು, ಅಳು ನುಂಗಿಕೊಂಡು.

"ಹೋಗ್ಲಿ ಬುಡು, ಒಳ್ಳೇದೇ ಆಯ್ತು. ಮುಖ ಕಂಡಿಲ್ಲ, ಹೆಸರಿಲ್ಲ, ಆ ನಗುವಿನ ಗದ್ದಲದಲ್ಲಿ ನಿನ್ ಕೂಗೂ ಕೇಳಿಲ್ಲ, ನಾನು ಅಂತ ಯಾರಿಗೂ ಗೊತ್ತಾಗಲ್ಲ. ಮಾನ ಉಳೀತು" ಎಂದು ಸಮಾಧಾನ ಹೇಳಿ, ಸೀಟಿನ ಕೆಳಗೆ ಸರಿದಿದ್ದ ಚಪ್ಪಲಿ ಹುಡುಕಲು ಬಗ್ಗಿದೆ.

ಹಿಂದಿನ ಸಾಲಿನಿಂದ ಒಬ್ಬ ಕಿರುಚಿದ: "ಲೋ, ಅವ್ನೇ ಕಣ್ಲಾ ಇವ್ನು!"